ಬಿರುಕು ಎಲ್ಲಿಂದ ಹೊರಟಿದೆ?

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯಲ್ಲಿ ಮಳೆಗಾಲ ಬಂತೆಂದರೆ ಯಾವುದಾದರೊಂದು ಕಿಟಕಿಯ ಗಾಜು ಸೀಳುತ್ತಿತ್ತು. ಕಲ್ಲು ತಾಗಿರುವುದಿಲ್ಲ, ಗಾಳಿಗೆ ಬಾಗಿಲು ಬಡಿದಿರುವುದಿಲ್ಲ. ಹೊಸ ಗಾಜು ಕೂರಿಸಿದರೂ ಮುಂದಿನ ಮಳೆಗೆ ಅದೇ ಕತೆ. ಒಮ್ಮೆ ಕೆಲಸಕ್ಕೆ ಬಂದ ಆಚಾರ್ರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬಿರುಕಿನ ಜಾಡು ಹಿಡಿದು ಮೂಲೆಯವರೆಗೂ ಹೋದರು. ‘ಇಲ್ಲಿಂದ ಹೊರಟಿದೆ ನೋಡಿ. ಮರ ನೀರು ಕುಡಿದು ಉಬ್ಬುತ್ತೆ, ಗಾಜಿಗೆ ಅಲ್ಲಾಡೋಕೆ ಜಾಗ ಇಲ್ಲ ಮಾರಾಯ್ರೆ.’

ಆ ಸಲ ಗಾಜನ್ನು ಸುತ್ತಲೂ 2 ಮಿ.ಮೀ.ನಷ್ಟು ಚಿಕ್ಕದಾಗಿ ಕೊಯ್ಸಿದೆವು. ಹಳೇ ಪುಟ್ಟಿ ಪೂರ್ತಿ ಕೆರೆದು, ಚಾಕ್ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ ಹೊಸ ಪುಟ್ಟಿ ಒತ್ತಿದರು. ಆಮೇಲೆ ಆ ಕಿಟಕಿ ತಂಟೆ ಮಾಡಲಿಲ್ಲ.

ಅಲ್ಲಿಂದೀಚೆಗೆ ಗಾಜು ಹಾಳಾಯಿತೆಂದರೆ ನಾನು ಮೊದಲು ನೋಡುವುದು ಚೌಕಟ್ಟನ್ನು. ಗಾಜು ಗಡಗಡ ಅನ್ನುತ್ತಿದ್ದರೆ ಪುಟ್ಟಿ ಒಣಗಿ ಉದುರಿದೆ ಅಷ್ಟೇ. ಗಾಜಿಗೆ ದುಡ್ಡು ಸುರಿಯಬೇಕಿಲ್ಲ. ಆದರೆ ಸಾದಾ ಗಾಜು ಅಡ್ಡಡ್ಡ ಬಿರುಕು ಬಿಟ್ಟಿದ್ದರೆ ಅಂಟು ಮೆತ್ತಿ ನೆಮ್ಮದಿಯಾಗಿರುವಂತಿಲ್ಲ. ಗಾಳಿಯ ತೇವವೇ ಬಿರುಕಿನ ತುದಿಯನ್ನು ಇನ್ನಷ್ಟು ದುರ್ಬಲ ಮಾಡುತ್ತದೆ, ಅದು ಮೆಲ್ಲಗೆ ಮುಂದುವರಿಯುತ್ತದೆ. ಮಕ್ಕಳ ಕೈಗೆಟುಕುವ ಕಿಟಕಿಯಾದರೆ ಎರಡನೇ ಯೋಚನೆಯೇ ಬೇಡ, ಬದಲಿಸಿ. ಕಾರಿನ ಮುಂದಿನ ಗಾಜಿನ ಸಣ್ಣ ಚುಕ್ಕೆಯೇಟಿಗೆ ರೆಸಿನ್ ತುಂಬಿ ಸರಿಮಾಡುತ್ತಾರಲ್ಲ, ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವ ಬೇರೆಯೇ ಜಾತಿ. ಟಫನ್ಡ್ ಗಾಜಿಗಂತೂ ರಿಪೇರಿ ಎಂಬುದೇ ಇಲ್ಲ. ಒಡೆದರೆ ಇಡೀ ಗಾಜು ಕಾಳುಕಾಳಾಗುತ್ತದೆ. ತಯಾರಾದ ಮೇಲೆ ಕೊಯ್ಯಲೂ ಬಾರದು, ಅಳತೆ ಕೊಟ್ಟೇ ಮಾಡಿಸಬೇಕು.

ಒಂದೇ ಕಡೆ ನಾನು ಹಟ ಹಿಡಿದು ಉಳಿಸುತ್ತೇನೆ: ಕಿಟಕಿಯ ನೆತ್ತಿಯ ಮೇಲಿನ ಬಣ್ಣದ ಗಾಜು. ನಮ್ಮ ಜಗಲಿಯ ನೀಲಿ ಗಾಜಿನ ಬಣ್ಣ ಇವತ್ತು ಯಾವ ಅಂಗಡಿಯಲ್ಲೂ ಸಿಕ್ಕಲಿಲ್ಲ. ಕೈ ತಾಗದ ಎತ್ತರ, ಕೂದಲೆಳೆಯ ಬಿರುಕು. ತಿಳಿ ಎಪಾಕ್ಸಿ ಹಾಕಿಸಿ, ಒಳಗಡೆ ಒಂದು ಸಾದಾ ಗಾಜನ್ನು ಆಸರೆಗೆ ಕೊಡಿಸಿದ್ದೇನೆ.

ಬದಲಿಸುವುದೇ ಎಂದಾದರೆ, ಬಿಚ್ಚುವ ಮೊದಲು ಎರಡೂ ಬದಿಗೆ ಟೇಪ್ ಅಂಟಿಸಿ. ಚೂರುಗಳನ್ನು ದಪ್ಪ ರಟ್ಟಿನಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ದೊಡ್ಡದಾಗಿ ಬರೆದೇ ಕಸದವರಿಗೆ ಕೊಡಿ. ಅವರಲ್ಲಿ ಎಷ್ಟೋ ಮಂದಿ ಬರಿಗೈಯಲ್ಲೇ ಕಸ ಬೇರ್ಪಡಿಸುತ್ತಾರೆ.