ಎದೆಯ ಗಂಟು: ಹೆದರಬೇಡಿ, ಮುಚ್ಚಿಡಬೇಡಿ
(ತಾಯಂದಿರಿಗೆ ಒಂದು ಪಾಠ)

ಮೈನೆರೆದ ಹುಡುಗಿಗೆ ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತೆನ್ನಿ. ನಾಚಿಕೆಯಿಂದ ಅವಳು ಯಾರಿಗೂ ಹೇಳಳು. ತಾಯಿಗೆ ತಿಳಿದರೂ, ಊರಿಗೆ ಗೊತ್ತಾದರೆ ಮಗಳಿಗೆ ಗಂಡು ಸಿಕ್ಕುವುದು ಕಷ್ಟವೆಂದು ಮುಚ್ಚಿಡುತ್ತಾಳೆ. ಕೆಲವರು ಸುಣ್ಣ ಹಚ್ಚುತ್ತಾರೆ. ಕೆಲವರು ಬರೆ ಹಾಕಿಸುತ್ತಾರೆ. ಇದರಿಂದ ಗಂಟು ಕರಗದು. ಸುಟ್ಟ ಕಲೆ ಮಾತ್ರ ಉಳಿಯುತ್ತದೆ.

ಇದು ಏನು?

ಈ ವಯಸ್ಸಿನ ಹುಡುಗಿಯರ ಎದೆಗಂಟುಗಳಲ್ಲಿ ಹೆಚ್ಚಿನವು ಫೈಬ್ರೋಅಡಿನೋಮಾ ಎಂಬ ನಿರಪಾಯದ ಗಂಟುಗಳು. ಹಾಲಿನ ಗ್ರಂಥಿ ಮತ್ತು ಅದರ ಸುತ್ತಣ ನಾರು ಒಂದೆಡೆ ಹೆಚ್ಚಾಗಿ ಬೆಳೆದು ಇದು ಉಂಟಾಗುತ್ತದೆ. ಗೋಲಿಯಂತೆ ನುಣುಪಾಗಿ, ರಬ್ಬರಿನಂತೆ ಬಿಗಿಯಾಗಿರುತ್ತದೆ, ಬೆರಳಿಟ್ಟರೆ ಜಾರುತ್ತದೆ. ಸಾಮಾನ್ಯವಾಗಿ 2–3 ಸೆಂ.ಮೀ. ಇರುತ್ತದೆ, ಬಹುಮಟ್ಟಿಗೆ ನೋವಿರುವುದಿಲ್ಲ. ಹದಿಹರೆಯದಲ್ಲಿ ಎದೆಯ ಕ್ಯಾನ್ಸರ್ ಅತಿ ವಿರಳ.

ಇನ್ನೊಂದನ್ನು ನೆನಪಿಡಿ. 8ರಿಂದ 13 ವರ್ಷದೊಳಗೆ ಮೊಲೆತೊಟ್ಟಿನ ಕೆಳಗೆ ಸಣ್ಣ ಬಿಲ್ಲೆಯಂತೆ ಗಟ್ಟಿಯಾದ ಭಾಗ ಮೂಡುತ್ತದೆ. ಮೊದಲು ಒಂದೇ ಕಡೆ ಮೂಡುವುದೂ ಉಂಟು. ಅದು ರೋಗವಲ್ಲ, ಎದೆ ಬೆಳೆಯತೊಡಗಿದ ಗುರುತು. ಅದನ್ನು ಕೊಯ್ಯಿಸಿದರೆ ಆ ಕಡೆಯ ಎದೆ ಬೆಳೆಯದೆಯೇ ಹೋಗಬಹುದು.

ವೈದ್ಯರು ಏನು ಮಾಡುತ್ತಾರೆ?

ಮುಟ್ಟಿನ ಮುಂಚೆ ಎದೆ ಬಿಗಿದು ಗಂಟುಗಟ್ಟಿದಂತೆ ತೋರುವುದುಂಟು. ಆದ್ದರಿಂದ ಮುಟ್ಟು ಮುಗಿದ ವಾರದಲ್ಲಿ ತೋರಿಸುವುದು ಒಳ್ಳೆಯದು. ವೈದ್ಯರು ಕೈಯಿಂದ ಪರೀಕ್ಷಿಸಿ, ಅಗತ್ಯವಾದರೆ ಅಲ್ಟ್ರಾಸೌಂಡ್ ಮಾಡಿಸಿ, ಅಳತೆ ಬರೆದಿಡುತ್ತಾರೆ. ಎಳೆಯ ಎದೆ ದಟ್ಟವಾಗಿರುವುದರಿಂದ ಮ್ಯಾಮೋಗ್ರಾಂ ಚಿತ್ರ ಈ ವಯಸ್ಸಿಗೆ ಉಪಯುಕ್ತವಲ್ಲ.

ಒಂದೆರಡು ಮುಟ್ಟು ಕಳೆದ ಮೇಲೆ, ಅನಂತರ ಕೆಲವು ತಿಂಗಳಿಗೊಮ್ಮೆ ಮತ್ತೆ ತೋರಿಸಬೇಕು. ಎಷ್ಟೋ ಗಂಟುಗಳು ತಾವಾಗಿಯೇ ಕುಗ್ಗುತ್ತವೆ. 5 ಸೆಂ.ಮೀ. ಮೀರಿದರೆ ಅಥವಾ ಬೇಗಬೇಗ ಬೆಳೆದರೆ ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಎಲ್ಲ ಗಂಟನ್ನೂ ಕೊಯ್ಯಬೇಕಾಗಿಲ್ಲ.

ತಡಮಾಡದೆ ಹೋಗಬೇಕಾದದ್ದು ಯಾವಾಗ?

1. ಎದೆ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದಾಗ. ಇದು ಕೀವಿನ ಲಕ್ಷಣ.
2. ಗಂಟು ಕಲ್ಲಿನಂತಿದ್ದು ಅಲುಗಾಡದಿದ್ದಾಗ.
3. ಚರ್ಮ ಒಳಸೆಳೆದಾಗ, ತೊಟ್ಟಿನಿಂದ ರಕ್ತ ಬಂದಾಗ.
4. ಕಂಕುಳಲ್ಲಿಯೂ ಗಂಟು ಕಂಡಾಗ.

ತಾಯಂದಿರೇ, ಮಗಳು ಹೇಳಿದೊಡನೆ ಗದರಿಸಬೇಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ. ಮಹಿಳಾ ವೈದ್ಯರು ಬೇಕೆಂದು ಕೇಳಲು ಸಂಕೋಚಪಡಬೇಡಿ. ಪರೀಕ್ಷೆಯ ವೇಳೆ ಮಗಳ ಪಕ್ಕದಲ್ಲಿಯೇ ಇರಿ.

ಮಹಿಳಾ ಸಂಘದಲ್ಲಿ ಚರ್ಚಿಸಿ

1. ಬರೆ ಹಾಕಿಸುವುದರಿಂದ ಆಗುವ ಕೇಡೇನು?
2. ಮಗಳು ನಾಚಿಕೆಯಿಲ್ಲದೆ ತಾಯಿಗೆ ಹೇಳುವಂತಾಗಲು ಮನೆಯಲ್ಲಿ ಏನು ಮಾಡಬೇಕು?