ಚಟದ ಚಿಕಿತ್ಸೆ ನಡುವೆ ನಿದ್ದೆ ಬಾರದಿದ್ದರೆ

ನಿಮ್ಮ ಯಜಮಾನರು ಓಪಿಯಾಯ್ಡ್ ಚಟದ ಚಿಕಿತ್ಸೆಗೆ ಬ್ಯುಪ್ರಿನಾರ್ಫಿನ್ ಮಾತ್ರೆ ಶುರುಮಾಡಿ ಐದು ವಾರವಾಯಿತು, ರಾತ್ರಿ ಎರಡಾದರೂ ಕಣ್ಣು ಮುಚ್ಚುವುದಿಲ್ಲ, ಮಾತ್ರೆಯನ್ನೇ ನಿಲ್ಲಿಸುತ್ತೇನೆ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಲು ಬಿಡಬೇಡಿ. ಓಪಿಯಾಯ್ಡ್ ಚಟದಿಂದ ಹೊರಬರುವವರನ್ನು ನಿದ್ರಾಹೀನತೆ ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ಮಾತ್ರೆ ಥಟ್ಟನೆ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ, ಹಳೆಯ ಚಟ ಮರಳುವ ಸಾಧ್ಯತೆಯೂ ಹೆಚ್ಚು. ದೇಹದ ತಾಳಿಕೆ ಅಷ್ಟರಲ್ಲಿ ಕುಗ್ಗಿರುವುದರಿಂದ ಮೊದಲಿನ ಪ್ರಮಾಣವೇ ಜೀವ ತೆಗೆಯಬಹುದು.

ಮಾತ್ರೆಯನ್ನು ನಾಲಿಗೆಯ ಕೆಳಗಿಡುವುದು ಎಷ್ಟು ಹೊತ್ತಿಗೆ? ಕೆಲವರಿಗೆ ಅದು ಮಂಪರಿನ ಬದಲು ಚುರುಕು ತರುತ್ತದೆ. ರಾತ್ರಿಯ ಡೋಸನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಬೆಳಗಿನ ಜಾವ ಮೈಕೈ ನೋವು, ಬೆವರು, ಪದೇ ಪದೇ ಆಕಳಿಕೆ ಇದ್ದರೆ ಡೋಸ್ ಸಾಲದಿರಬಹುದು, ಅದನ್ನೂ ಹೇಳಿ.

ನನಗೆ ಭಯ ಹುಟ್ಟಿಸಿದ್ದು ನಿಮ್ಮ ಕೊನೆಯ ಸಾಲು: ನಿದ್ದೆಗೆಂದು ಮೆಡಿಕಲ್ ಶಾಪಿನಿಂದ ಅಲ್ಪ್ರಜೋಲಮ್ ಮಾತ್ರೆ ತಂದುಕೊಡಲೇ? ಬೇಡವೇ ಬೇಡ. ಅದು ಬ್ಯುಪ್ರಿನಾರ್ಫಿನ್ ಜೊತೆ ಸೇರಿದರೆ ಉಸಿರಾಟ ನಿಧಾನವಾಗಿ ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಮದ್ಯವೂ ಅಷ್ಟೇ ಅಪಾಯ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ, ನಿದ್ರಾ ಪರೀಕ್ಷೆ ಬೇಕಾದೀತು.

ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಲಿ. ಹಾಸಿಗೆಯಲ್ಲಿ ಹೊರಳಾಡುವ ಬದಲು ಎದ್ದು ಹಜಾರದಲ್ಲಿ ಕೂರಲಿ, ಮೊಬೈಲ್ ಇಲ್ಲದೆ. ತೂಕಡಿಕೆ ಬಂದಾಗ ಮತ್ತೆ ಮಲಗಲಿ. ನಡುರಾತ್ರಿ ಮನಸ್ಸು ತೀರಾ ಕೆಟ್ಟರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.