ಶೀತಲೀಕರಣ ಘಟಕದ ಸಂಕೇತ ಕೇಬಲ್: ಆಯ್ಕೆ ಹೇಗೆ?



ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿಟ್ಟರೆ ಟ್ಯಾಂಕರ್ ಬರುವವರೆಗೆ ಹುಳಿಯಾಗದೆ ಉಳಿಯುತ್ತದೆ ಎಂಬುದು ಬಿ.ಎಂ.ಸಿ. ಇರುವ ಸಂಘದ ಸದಸ್ಯರಿಗೆಲ್ಲ ಗೊತ್ತಿರುವ ವಿಷಯ. ಹಾಲು ತಂಪಾಯಿತೇ ಇಲ್ಲವೇ ಎಂದು ಹೇಳುವುದು ಟ್ಯಾಂಕಿನೊಳಗಿನ ಉಷ್ಣತಾ ಸಂವೇದಕ. ಅದರ ಸಂಕೇತ ಕಂಟ್ರೋಲ್ ಪೆಟ್ಟಿಗೆಗೆ, ಅಲ್ಲಿಂದ ಕಾರ್ಯದರ್ಶಿಯವರ ಕಂಪ್ಯೂಟರ್‌ಗೆ ಸಾಗುವುದು ಸಣ್ಣದೊಂದು ಕೇಬಲ್‌ನಲ್ಲಿ. ತೂಕದ ಯಂತ್ರ, ಫ್ಯಾಟ್ ಯಂತ್ರಗಳ ಅಂಕಿಗಳೂ ಹೀಗೆಯೇ ಬಂದು ನಿಮ್ಮ ಚೀಟಿ ಸೇರುತ್ತವೆ. ಲಕ್ಷಗಟ್ಟಲೆ ರೂಪಾಯಿಯ ಯಂತ್ರ ತಂದು, ಕೊನೆಗೆ "ಯಾವುದಾದರೂ ಒಂದು ವೈರ್ ಎಳೆದುಬಿಡಿ" ಎನ್ನುವುದನ್ನು ನಾನು ಹಲವು ಕಡೆ ಕೇಳಿದ್ದೇನೆ.

ಒಂದು ಸಂಘದಲ್ಲಿ ಕಂಪ್ರೆಸರ್ ಚಾಲೂ ಆದಾಗಲೆಲ್ಲ ಕಂಪ್ಯೂಟರ್‌ಗೆ ತೂಕ ಬರುತ್ತಿರಲಿಲ್ಲ. ಚೀಟಿಯಲ್ಲಿ ಆ ಜಾಗ ಖಾಲಿ. ಕಾರ್ಯದರ್ಶಿ ಪೆನ್ನಿನಲ್ಲಿ ಬರೆದುಕೊಡುತ್ತಿದ್ದರು. ಅವರು ಬರೆದದ್ದು ಸರಿಯಾಗಿಯೇ ಇತ್ತು, ಆದರೂ ಸದಸ್ಯರಿಗೆ ಸಂಶಯ ಬಾರದೇ ಇರುತ್ತದೆಯೇ? ಸಾಮಾನ್ಯ ಸಭೆಯಲ್ಲಿ ಮಾತಿಗೆ ಮಾತು ಬೆಳೆದು, ಯಂತ್ರವನ್ನೇ ಬದಲಿಸಬೇಕೆಂದು ಠರಾವಾಯಿತು. ಹೋಗಿ ನೋಡಿದರೆ ಯಂತ್ರದಲ್ಲಿ ದೋಷವಿರಲಿಲ್ಲ. ಕರೆಗಂಟೆಗೆ ಬಳಸುವ ವೈರನ್ನು ಜೋಡಿಸಿ ಸುಮಾರು 25 ಮೀಟರ್ ಎಳೆದಿದ್ದರು. ಸಾಲದ್ದಕ್ಕೆ ಅದನ್ನು ಕಂಪ್ರೆಸರ್‌ನ ಮೂರು ಫೇಸ್ ಕೇಬಲ್ ಜೊತೆಗೇ ಕಟ್ಟಿದ್ದರು.

ಇಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ದೂರದ್ದು. ತೂಕದ ಯಂತ್ರಗಳಲ್ಲಿ ಸಾಮಾನ್ಯವಾಗಿರುವುದು ಆರ್.ಎಸ್. 232 ಎಂಬ ಸಂಪರ್ಕ. ಅದು ಹತ್ತಿರದ ಮಾತಿಗೆ ಮಾತ್ರ. ಅದಕ್ಕೆ ಹಿಂದಿನಿಂದಲೂ ಹೇಳಿಕೊಂಡು ಬಂದಿರುವ ಮಿತಿ 50 ಅಡಿ, ಅಂದರೆ ಸುಮಾರು 15 ಮೀಟರ್. ಅದಕ್ಕಿಂತ ದೂರವಿದ್ದರೆ ಎರಡು ತುದಿಗೂ ಪರಿವರ್ತಕ ಹಾಕಿ ಆರ್.ಎಸ್. 485 ಸಂಪರ್ಕಕ್ಕೆ ಬದಲಾಯಿಸಿಕೊಳ್ಳಬೇಕು. 1983ರಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ವೇಗ ಕಡಿಮೆ ಇಟ್ಟರೆ ಸುಮಾರು 1200 ಮೀಟರ್‌ವರೆಗೆ ಸಂಕೇತ ಹೋಗುತ್ತದೆ.

ಎರಡನೆಯ ತಪ್ಪು ವೈರಿನದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಕೇತದ ಕೇಬಲ್‌ನಲ್ಲಿ ಹರಿಯುವುದು ಕೆಲವೇ ವೋಲ್ಟ್. ಆರ್.ಎಸ್. 485 ಯಂತ್ರ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ನೋಡುತ್ತದೆ, 0.2 ವೋಲ್ಟ್ ವ್ಯತ್ಯಾಸವಿದ್ದರೂ ಗುರುತಿಸುತ್ತದೆ. ಪಕ್ಕದಲ್ಲಿ ಮೋಟರಿನ ಕೇಬಲ್ ಇದ್ದರೆ ಅದರ ಅಬ್ಬರ ಈ ತಂತಿಗಳಿಗೂ ತಗುಲುತ್ತದೆ. ಎತ್ತಿನಗಾಡಿಯಲ್ಲಿ ಇಬ್ಬರು ಕುಳಿತಿದ್ದಾರೆ ಎನ್ನಿ. ಗಾಡಿ ಕುಲುಕಿದರೆ ಇಬ್ಬರೂ ಒಟ್ಟಿಗೆ ಏಳುತ್ತಾರೆ, ಒಟ್ಟಿಗೆ ಇಳಿಯುತ್ತಾರೆ. ಅವರ ಎತ್ತರದ ವ್ಯತ್ಯಾಸ ಮಾತ್ರ ಹಾಗೆಯೇ ಇರುತ್ತದೆ. ಎರಡು ತಂತಿಗಳನ್ನು ಹಗ್ಗದಂತೆ ಒಂದಕ್ಕೊಂದು ಹೊಸೆದಿದ್ದರೆ ಹೊರಗಿನ ಅಡಚಣೆ ಎರಡಕ್ಕೂ ಹೆಚ್ಚು ಕಡಿಮೆ ಸಮನಾಗಿ ತಗುಲಿ, ವ್ಯತ್ಯಾಸ ಕೆಡುವುದಿಲ್ಲ. ಹೊಸೆಯದ ಚಪ್ಪಟೆ ವೈರಿನಲ್ಲಿ ಒಂದು ತಂತಿ ಸದಾ ಹತ್ತಿರ, ಇನ್ನೊಂದು ಸದಾ ದೂರ. ಆಗ ಸಂಕೇತ ಕೆಡುತ್ತದೆ. ಕೆಲವು ಯಂತ್ರಗಳು ಕೆಟ್ಟ ಸಂಕೇತವನ್ನು ತಾವೇ ಗುರುತಿಸಿ ಬಿಟ್ಟುಬಿಡುತ್ತವೆ, ಆಗ ಚೀಟಿ ಖಾಲಿ ಬರುತ್ತದೆ. ಹಾಗೆ ತಾಳೆ ನೋಡದ ಯಂತ್ರವಾದರೆ ತಪ್ಪು ಅಂಕಿಯೇ ಬರಬಹುದು. ನನ್ನ ಮಟ್ಟಿಗೆ ಖಾಲಿ ಚೀಟಿಯೇ ಮೇಲು.

ಆದ್ದರಿಂದ ಆಡಳಿತ ಮಂಡಳಿಯವರು ಕೊಟೇಶನ್ ತರಿಸುವಾಗ ಹೀಗೆ ಬರೆಸಬೇಕು: "ತಾಮ್ರದ, ಹೊಸೆದ ಎರಡು ಜೋಡಿ, ಶೀಲ್ಡ್ ಇರುವ, 120 ಓಮ್‌ನ ಆರ್.ಎಸ್. 485 ಕೇಬಲ್". ಒಂದು ಜೋಡಿ ಸಂಕೇತಕ್ಕೆ, ಇನ್ನೊಂದು ಎರಡೂ ಯಂತ್ರಗಳ ಸಾಮಾನ್ಯ ತಂತಿಗೆ. ಪೇಟೆಯಲ್ಲಿ ಅದು ಸಿಗದಿದ್ದರೆ, ಸ್ವಲ್ಪ ದೂರಕ್ಕೆ ಕಂಪ್ಯೂಟರ್‌ನ ಲ್ಯಾನ್ ಕೇಬಲ್ ನಡೆಯುತ್ತದೆ. ಕರೆಗಂಟೆ ವೈರ್, ಸ್ಪೀಕರ್ ವೈರ್ ಬೇಡವೇ ಬೇಡ. ಶೀಲ್ಡನ್ನು ಕಂಟ್ರೋಲ್ ಪೆಟ್ಟಿಗೆಯ ಕಡೆ ಮಾತ್ರ ಅರ್ಥ್‌ಗೆ ಕೊಡಬೇಕು. ಎರಡೂ ಕಡೆ ಕೊಟ್ಟರೆ, ಎರಡು ಅರ್ಥ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಶೀಲ್ಡ್‌ನಲ್ಲೇ ಕರೆಂಟ್ ಹರಿದು ಹೊಸ ತೊಂದರೆ ತರುತ್ತದೆ. ಮೋಟರ್ ಕೇಬಲ್‌ನಿಂದ ಕನಿಷ್ಠ ಒಂದು ಅಡಿ ದೂರವಿರಲಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಹಲವು ಯಂತ್ರಗಳಿದ್ದರೆ ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಜೋಡಿಸಬೇಕು, ಒಂದೇ ಕಡೆಯಿಂದ ಕವಲು ಒಡೆಸಬಾರದು.

ಉಷ್ಣತಾ ಸಂವೇದಕದ ತಂತಿಯದು ಬೇರೆಯೇ ಕಥೆ. ಅನೇಕ ಟ್ಯಾಂಕುಗಳಲ್ಲಿ ಪಿ.ಟಿ. 100 ಎಂಬ ಪ್ಲಾಟಿನಮ್ ಸಂವೇದಕವಿರುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ 100 ಓಮ್. ಒಂದೊಂದು ಡಿಗ್ರಿಗೂ ಸುಮಾರು 0.385 ಓಮ್ ಏರುತ್ತದೆ. ಈಗ ಲೆಕ್ಕ ಹಾಕಿ. 0.5 ಚದರ ಮಿ.ಮೀ. ತಾಮ್ರದ ಎರಡೇ ತಂತಿಗಳಲ್ಲಿ 10 ಮೀಟರ್ ಎಳೆದರೆ ಹೋಗಿ ಬರುವ ದಾರಿ 20 ಮೀಟರ್, ಅದರ ರೋಧ ಸುಮಾರು 0.7 ಓಮ್. ಅಂದರೆ ಹಾಲು 4 ಡಿಗ್ರಿಯಲ್ಲಿದ್ದರೂ ಪೆಟ್ಟಿಗೆ ಸುಮಾರು 6 ಎಂದು ತೋರಿಸುತ್ತದೆ. ಕಂಪ್ರೆಸರ್ ವೃಥಾ ಓಡುತ್ತದೆ, ವಿದ್ಯುತ್ ಬಿಲ್ಲು ಸಂಘದ ತಲೆಯ ಮೇಲೆ. ಇದಕ್ಕಾಗಿಯೇ ಮೂರು ತಂತಿಯ ಜೋಡಣೆ ಇರುವುದು. ಮೂರನೆಯ ತಂತಿಯ ಸಹಾಯದಿಂದ ಪೆಟ್ಟಿಗೆಯು ತಂತಿಯ ರೋಧವನ್ನು ಕಳೆದುಬಿಡುತ್ತದೆ. ಮೂರೂ ಒಂದೇ ದಪ್ಪ, ಒಂದೇ ಉದ್ದ ಇರಬೇಕು, ನಡುವೆ ಗಂಟು ಹಾಕಬಾರದು. ತುಕ್ಕು ಹಿಡಿದ ಒಂದು ಗಂಟು ಹತ್ತು ಮೀಟರ್ ತಂತಿಗಿಂತ ಹೆಚ್ಚು ಹಾಳು ಮಾಡಬಲ್ಲದು.

ಇನ್ನು ಇಲಿ, ಬಿಸಿಲು, ತೊಳೆಯುವ ನೀರು. ಕೊಠಡಿಯೊಳಗೆ ಪಿ.ವಿ.ಸಿ. ಪೈಪಿನಲ್ಲಿ, ನೆಲ ತೊಳೆಯುವ ಮಟ್ಟಕ್ಕಿಂತ ಮೇಲೆ ಎಳೆಯಿರಿ. ಅಂಗಳ ದಾಟಿಸುವುದಾದರೆ ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ ಹೂಳಬೇಕು. ಖರ್ಚು ಹೆಚ್ಚು, ಆದರೆ ಇಲಿ ಕಡಿಯುವುದಿಲ್ಲ.

ಮೇಲೆ ಹೇಳಿದ ಸಂಘದಲ್ಲಿ ಕೇಬಲ್ ಬದಲಿಸಿ, ಬೇರೆ ಗೋಡೆಯ ಮೇಲೆ ಎಳೆದು, ಪರಿವರ್ತಕ ಹಾಕಿದ ಮೇಲೆ ಚೀಟಿ ಖಾಲಿ ಬರಲಿಲ್ಲ. ಹಳೆಯ ಯಂತ್ರವೇ ಮುಂದುವರಿಯಿತು. ನಿಮ್ಮ ಸಂಘದ ಟ್ಯಾಂಕಿನ ಅಳತೆಯ ಬಗ್ಗೆ ಸಂಶಯವಿದ್ದರೆ ಮೆಕ್ಯಾನಿಕ್ ಬಂದಾಗ ಸಂವೇದಕವನ್ನು ಹೊರತೆಗೆಸಿ, ಪುಡಿ ಮಾಡಿದ ಮಂಜುಗಡ್ಡೆ ತುಂಬಿದ ನೀರಿನಲ್ಲಿ ಐದು ನಿಮಿಷ ಮುಳುಗಿಸಿಡಲು ಹೇಳಿ. ಪೆಟ್ಟಿಗೆ ಸೊನ್ನೆ ತೋರಿಸಬೇಕು. ಎರಡು ತೋರಿಸಿದರೆ ಹೊಸ ಸಂವೇದಕ ತರಿಸುವ ಮೊದಲು ತಂತಿ ಎರಡೇ ಇದೆಯೇ, ಮೂರಿದೆಯೇ ಎಂದು ಎಣಿಸಿ ನೋಡಿ.